ಮೊದಲು ನಿಮ್ಮ ಗೋಡೆ ನೋಡಿ, ಆಮೇಲೆ ಭೂಕಂಪದ ಸೂಚನೆ ಓದಿ

ಟೋಕಿಯೊದಲ್ಲಿರುವ ತಮ್ಮನ ಮನೆಯಲ್ಲಿ ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ಮೊಬೈಲ್‌ಗಳೆಲ್ಲ ಒಟ್ಟಿಗೆ ಭೂಕಂಪದ ಎಚ್ಚರಿಕೆ ಕೂಗಿಕೊಂಡವು. ತಮ್ಮ ಬಾಗಿಲ ಕಡೆ ಓಡಲಿಲ್ಲ. ಮಗಳನ್ನು ಮೇಜಿನ ಕೆಳಗೆ ಎಳೆದುಕೊಂಡು, "ಅಕ್ಕಾ, ನೀನೂ ಬಾ" ಎಂದ. "ಒಲೆ ಉರಿಯುತ್ತಿದೆಯಲ್ಲೋ" ಎಂದೆ. "ಜೋರಾಗಿ ನಡುಗಿದರೆ ಮೀಟರ್ ತಾನೇ ಗ್ಯಾಸ್ ನಿಲ್ಲಿಸುತ್ತದೆ" ಎಂದ. ಏಳೆಂಟು ಸೆಕೆಂಡಿನ ನಂತರ ಮನೆ ತೂಗಾಡಿ ನಿಂತಿತು. ಅವನು ಮತ್ತೆ ಊಟಕ್ಕೆ ಕುಳಿತ. ನನಗೆ ತುತ್ತು ಇಳಿಯಲಿಲ್ಲ.

ನನ್ನ ನೆನಪಿನ ಭೂಕಂಪ ಬೇರೆಯದು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3.56. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಗಣಪತಿ ವಿಸರ್ಜನೆ ಮುಗಿಸಿ ಬಂದು ಮಲಗಿದ್ದ ಸಾವಿರಾರು ಜನ ಎದ್ದೇಳಲಿಲ್ಲ. ಗಡಿಯ ಈಚೆ, ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಅಪ್ಪ ನಮ್ಮಿಬ್ಬರನ್ನು ಎರಡು ಕಂಕುಳಲ್ಲಿ ಇರುಕಿಕೊಂಡು ಅಂಗಳಕ್ಕೆ ಬಂದರು. ದನದ ಕೊಟ್ಟಿಗೆಯ ಗೋಡೆ ನಮ್ಮ ಕಣ್ಣೆದುರೇ ಕುಸಿಯಿತು. ಆಮೇಲೆ ನಾನು ಸಿವಿಲ್ ಎಂಜಿನಿಯರಿಂಗ್ ಓದಿದೆ. ಈಗ ಗೌಂಡಿಗಳಿಗೆ ತರಬೇತಿ ಕೊಡುತ್ತೇನೆ.

ನಮ್ಮ ಶಾಲೆಗಳ ಗೋಡೆಯ ಮೇಲೆ "ಬಗ್ಗಿ, ಮೇಜಿನ ಕೆಳಗೆ ಸೇರಿ, ಹಿಡಿದುಕೊಳ್ಳಿ" ಎಂಬ ಚಿತ್ರ ಅಂಟಿಸಿರುತ್ತಾರೆ. ಒಳ್ಳೆಯ ಸೂಚನೆಯೇ. ಆದರೆ ಮನೆ ಬೀಳುವುದಿಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಜಪಾನ್ 1981ರಲ್ಲಿ ಕಟ್ಟಡ ನಿಯಮ ಬಿಗಿಗೊಳಿಸಿ ಆ ನಂಬಿಕೆಯನ್ನು ಸಂಪಾದಿಸಿಕೊಂಡಿತು. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆಯ ಕಂಪನ ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದಿತು. ಮುಂದಿನ ತಿಂಗಳೇ ಚಿಲಿಯಲ್ಲಿ 8.8ರ ಕಂಪನ, ಅಂದರೆ ನೂರಾರು ಪಟ್ಟು ಹೆಚ್ಚು ಶಕ್ತಿಯದು. ಅಲ್ಲಿ ಸತ್ತವರು ಐನೂರು ಚಿಲ್ಲರೆ. ಚಿಲಿಯವರು ದಶಕಗಳಿಂದ ನಿಯಮದಂತೆ ಮನೆ ಕಟ್ಟುತ್ತಾ ಬಂದಿದ್ದರು. ಹಾಗಾಗಿ ನೀವು ಎಂಥ ಮನೆಯಲ್ಲಿದ್ದೀರಿ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ನಮ್ಮ ಭಾಗದ ಹಳೆಯ ಮಾಳಿಗೆ ಮನೆಯನ್ನೇ, ಅಂದರೆ ಮಣ್ಣು ಹಾಸಿದ ಚಪ್ಪಟೆ ಚಾವಣಿಯ ಮನೆಯನ್ನೇ, ತೆಗೆದುಕೊಳ್ಳಿ. ಎರಡಡಿ ದಪ್ಪದ ಕಲ್ಲಿನ ಗೋಡೆ ನೋಡಿ ಗಟ್ಟಿ ಎಂದುಕೊಳ್ಳುತ್ತೇವೆ. ಅದು ಒಂದು ಗೋಡೆಯಲ್ಲ, ಎರಡು. ಹೊರಗಿನ ಸಾಲು, ಒಳಗಿನ ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ನಡುಗಿದಾಗ ಎರಡೂ ಸಾಲು ಬೇರಾಗಿ ಗೋಡೆ ಹೊಟ್ಟೆ ಬಿಡುತ್ತದೆ, ಆಮೇಲೆ ಸುರಿಯುತ್ತದೆ. ಮೇಲೆ ಮಾಳಿಗೆಯ ಮಣ್ಣು. ಸೋರುತ್ತದೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಒಂದು ಪದರ ಹಾಕುತ್ತಾ ಹೋಗಿ ಅಡಿಗಟ್ಟಲೆ ದಪ್ಪವಾಗಿರುತ್ತದೆ. ನಮ್ಮ ಅಪ್ಪನೂ ಹಾಗೆಯೇ ಹಾಕಿದ್ದರು.

ಈ ಮನೆಯನ್ನು ಕೆಡವಿ ಹೊಸದು ಕಟ್ಟಿ ಎಂದು ನಾನು ಹೇಳುವುದಿಲ್ಲ, ಎಷ್ಟು ಜನರ ಹತ್ತಿರ ಅಷ್ಟು ಹಣವಿದೆ? ಮಾಳಿಗೆಯ ಮಣ್ಣನ್ನು ಎಂಟು ಇಂಚಿಗೆ ಇಳಿಸಿ, ಸೋರದಂತೆ ಪ್ಲಾಸ್ಟಿಕ್ ಹಾಳೆ ಹಾಕಿ. ಕಿಲ್ಲಾರಿಯಲ್ಲಿ ಗೋಡೆ ಬಿದ್ದರೂ ಎಷ್ಟೋ ಕಡೆ ಮರದ ಕಂಬ-ತೊಲೆ ನಿಂತೇ ಇದ್ದವು. ಕಂಬ ಮತ್ತು ತೊಲೆ ಸೇರುವ ಮೂಲೆಗೆ ಓರೆಯಾಗಿ ಒಂದು ಮರದ ತುಂಡು ಬಿಗಿದರೆ ಅವು ಇನ್ನೂ ಗಟ್ಟಿ. ಇನ್ನು ಗೋಡೆಯ ಎರಡು ಸಾಲುಗಳನ್ನು ಹೊಲಿಯುವ ಕೆಲಸ. ಒಂದು ಕಲ್ಲನ್ನು ಮೆಲ್ಲಗೆ ಅಲುಗಿಸಿ ಹೊರತೆಗೆಯಿರಿ, ಸುತ್ತಿಗೆ ಬೀಸಬೇಡಿ. ನಡುವಿನ ಮಣ್ಣನ್ನು ಕೈಯಿಂದ ತೋಡುತ್ತಾ ಹೋಗಿ ಆಚೆಯ ಕಲ್ಲನ್ನೂ ತೆಗೆಯಿರಿ. ಎರಡೂ ತುದಿ ಕೊಕ್ಕೆಯಂತೆ ಬಗ್ಗಿಸಿದ 8 ಮಿಲಿಮೀಟರ್ ಸರಳನ್ನು ಆ ತೂತಿನಲ್ಲಿಟ್ಟು ಕಾಂಕ್ರೀಟ್ ತುಂಬಿ, ಹತ್ತು ದಿನ ನೀರುಣಿಸಿ. ಚದರ ಮೀಟರಿಗೆ ಇಂಥದ್ದೊಂದು ಇರಲಿ. ಹೊಟ್ಟೆ ಬಿಟ್ಟಿರುವ ಗೋಡೆಗೆ ಮಾತ್ರ ಇದು ಸಾಲದು, ಅದನ್ನು ಬಿಚ್ಚಿ ಕಟ್ಟಲೇಬೇಕು. ಹೊಸದಾಗಿ ಕಟ್ಟುವವರು ಬಾಗಿಲು-ಕಿಟಕಿಗಳ ಮೇಲೆ ಮನೆಯ ಸುತ್ತ ಎಲ್ಲೂ ತುಂಡಾಗದ ಕಾಂಕ್ರೀಟ್ ಪಟ್ಟಿ (ಲಿಂಟಲ್ ಪಟ್ಟಿ) ಹಾಕಿಸಿ.

ಹಳೆಯ ಮಾಳಿಗೆ ಮನೆಯಲ್ಲಿ ನೆಲ ನಡುಗಿದಾಗ ನೀವು ಬಾಗಿಲ ಹತ್ತಿರವಿದ್ದು, ನಾಲ್ಕೈದು ಹೆಜ್ಜೆಗೆ ಬಯಲು ಸಿಗುವಂತಿದ್ದರೆ ಹೊರಗೆ ಓಡಿ. ಹೊರಗೆ ಓಣಿ ಇಕ್ಕಟ್ಟಾಗಿದ್ದು ಎದುರು ಮನೆಯ ಗೋಡೆ ಮೈಮೇಲೆ ಬರುವಂತಿದ್ದರೆ ಓಡಬೇಡಿ. ಒಳಗೇ ಗಟ್ಟಿ ಮಂಚದ ಕೆಳಗೆ ಸೇರಿ. ಮಕ್ಕಳು, ಮುದುಕರ ಹಾಸಿಗೆ ಬಾಗಿಲ ಹತ್ತಿರವಿರಲಿ. ಕಾಂಕ್ರೀಟ್ ಮನೆಯ ಮೇಲಿನ ಮಹಡಿಯಲ್ಲಿದ್ದವರು ಮೆಟ್ಟಿಲಿಗೆ ಓಡಬಾರದು, ಮೇಜಿನ ಕೆಳಗೇ ಇರಬೇಕು.

ಬೆಂಗಳೂರಿನವರಿಗೂ ಒಂದು ಮಾತು. 2001ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಅವುಗಳಲ್ಲಿ ಹಲವಕ್ಕೆ ನೆಲಮಟ್ಟದಲ್ಲಿ ಬರೀ ಕಂಬಗಳು, ಕಾರು ನಿಲ್ಲಿಸುವ ಜಾಗ. ಕಟ್ಟಿಸುವಾಗ ಕಂಬದ ಸರಳುಗಳನ್ನು ಸುತ್ತುವ ರಿಂಗುಗಳ ತುದಿ ಕಾಂಕ್ರೀಟಿನ ಒಳಕ್ಕೆ ಬಗ್ಗಿದೆಯೇ ಎಂದು ನೀವೇ ಬಗ್ಗಿ ನೋಡಿ. ಮೂಲೆಯಲ್ಲಿ ಬರೀ ಲಂಬಕೋನಕ್ಕೆ ಮಡಚಿದ ರಿಂಗ್ ನಡುಗಿದಾಗ ಬಿಚ್ಚಿಕೊಳ್ಳುತ್ತದೆ. ಬೀರುವನ್ನು ಗೋಡೆಗೆ ಬಿಗಿಯಿರಿ. 1995ರಲ್ಲಿ ಜಪಾನಿನ ಕೋಬೆಯ ಭೂಕಂಪದಲ್ಲಿ ಪೀಠೋಪಕರಣ ಮೇಲೆ ಬಿದ್ದು ಸತ್ತವರೂ ಇದ್ದಾರೆ.

ಅದೇ ಕೋಬೆಯಲ್ಲಿ, ಅಷ್ಟು ಸಿರಿವಂತ ದೇಶದಲ್ಲಿಯೂ, ಅವಶೇಷದಿಂದ ಬಹುಪಾಲು ಜನರನ್ನು ಎಳೆದು ತೆಗೆದವರು ಮನೆಯವರು ಮತ್ತು ನೆರೆಹೊರೆಯವರೇ. ಆದ್ದರಿಂದ ಹಾರೆ, ಗುದ್ದಲಿ, ಹಗ್ಗಗಳನ್ನು ಮನೆಯೊಳಗಿನ ಅಟ್ಟದ ಮೇಲಿಡಬೇಡಿ, ಅವೂ ಹೂತುಹೋಗುತ್ತವೆ. ಬಯಲಲ್ಲೊಂದು ತಗಡಿನ ಪೆಟ್ಟಿಗೆ ಇಡಿ, ಬೀಗದ ಕೈ ಮೂರು ಮನೆಯಲ್ಲಿರಲಿ. ತಲೆಗೆ ದಿನಕ್ಕೆ ಮೂರು ಲೀಟರಿನಂತೆ ಮೂರು ದಿನದ ನೀರು, ಮಾತ್ರೆ, ಟಾರ್ಚ್, ಸಿಳ್ಳೆ ತೆಗೆದಿಡಿ. ಹಾಸಿಗೆಯ ಪಕ್ಕದಲ್ಲೇ ಚಪ್ಪಲಿ ಇರಲಿ.

ಯಾರಾದರೂ ಮಣ್ಣಿನಡಿ ಸಿಕ್ಕಿದ್ದರೆ ಒಂದಿಬ್ಬರು 112ಕ್ಕೆ ಕರೆ ಮಾಡಲಿ, ಉಳಿದವರು ಗುಡ್ಡೆಯ ಮೇಲೆ ಹತ್ತಿ ನಿಲ್ಲಬಾರದು. ಎಲ್ಲರೂ ಸುಮ್ಮನಾಗಿ ದನಿ ಕೇಳಿಸಿಕೊಳ್ಳಿ. ಮೇಲಿನಿಂದ ಒಂದೊಂದೇ ಕಲ್ಲು ತೆಗೆಯಿರಿ. ಮುಖ ಕಂಡ ಕೂಡಲೇ ಬಾಯಿ, ಮೂಗಿನ ಮಣ್ಣು ತೆಗೆದು ಎದೆಯ ಭಾರ ಇಳಿಸಿ. ಮಣ್ಣಿನ ಮಾಳಿಗೆ ಬಿದ್ದಲ್ಲಿ ಉಸಿರುಕಟ್ಟಿ ಸಾಯುವುದು ನಿಮಿಷಗಳ ಲೆಕ್ಕ. ಜೀವ ಇರುವ ಸುಳಿವಿರುವಷ್ಟು ಹೊತ್ತು ಜೆಸಿಬಿ ಹಚ್ಚಬೇಡಿ. ಗಂಟೆಗಟ್ಟಲೆ ಕಾಲು ಸಿಕ್ಕಿಕೊಂಡಿದ್ದವರ ಮೇಲಿನ ಭಾರ ಎತ್ತುವಾಗ ವೈದ್ಯರು ಪಕ್ಕದಲ್ಲಿರಲಿ, ಏಕೆಂದರೆ ಭಾರ ಇಳಿದ ಮೇಲೆ ಹೃದಯ, ಮೂತ್ರಪಿಂಡ ಕೈಕೊಡಬಹುದು.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ದಿನಗಟ್ಟಲೆ ನೆಲ ನಡುಗಿದಾಗ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಅದು ಹೆದರುಪುಕ್ಕಲುತನವಲ್ಲ, ಸರಿಯಾದ ನಿರ್ಧಾರ. ಬಿರುಕು ಬಿಟ್ಟ ಮನೆಯೊಳಗೆ ಪಾತ್ರೆ, ಬಂಗಾರ ತರಲೆಂದು ಹೋಗಬೇಡಿ, ಎರಡನೆಯ ಕಂಪನ ಬಂದೀತು. ಮಾಳಿಗೆಯ ಮಣ್ಣು ಇಳಿಸುವವರು ಯುಗಾದಿ ಕಳೆದ ಕೂಡಲೇ ಗೌಂಡಿಯನ್ನು ಕರೆಯಿರಿ. ಮುಂಗಾರು ಶುರುವಾದರೆ ಮಾಳಿಗೆ ಬಿಚ್ಚಲು ಯಾರೂ ಬರುವುದಿಲ್ಲ.