ಅಮೆರಿಕದಲ್ಲಿ ಡೈವೋರ್ಸ್ ಆಯ್ತಾ? ಮಕ್ಕಳಿದ್ದರೆ ಇನ್ಶೂರೆನ್ಸ್ ಫಾರಂ ಮೊದಲು ತೆಗೆದು ನೋಡಿ

ವೀಸಾ, ಶಾಲೆ, ಮನೆ ಸಾಲ, ಎಲ್ಲದಕ್ಕೂ ಸಲಹೆ ಕೊಡೋಕೆ ನಮ್ಮ ಕೂಟದಲ್ಲಿ ಹತ್ತು ಜನ ಇರುತ್ತಾರೆ. ಡೈವೋರ್ಸ್ ಅಂದರೆ ಮಾತ್ರ ಎಲ್ಲರೂ ಮಾತು ಬದಲಿಸುತ್ತಾರೆ. ಹಾಗಾಗಿ ಹೊಸದಾಗಿ ಬಂದವರು ಲಾಯರ್ ಹೇಳಿದ್ದಷ್ಟು ಮಾಡಿ, ಡಿಕ್ರಿ, ಅಂದರೆ ಕೋರ್ಟಿನ ಡೈವೋರ್ಸ್ ಆದೇಶ, ಕೈಗೆ ಬಂದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಇಲ್ಲಿ ಎಷ್ಟೋ ಕಡೆ ದುಡ್ಡು ಹೋಗುವುದು ಡಿಕ್ರಿ ನೋಡಿ ಅಲ್ಲ, ಫಾರಂನಲ್ಲಿ ಯಾರ ಹೆಸರಿದೆ ಅಂತ ನೋಡಿ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಡ್ಯುಪಾಂಟ್ ಕಂಪನಿಯ ನೌಕರರೊಬ್ಬರ ಕೇಸು 2009ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಡೈವೋರ್ಸ್ ಪತ್ರದಲ್ಲಿ ಮಾಜಿ ಹೆಂಡತಿ ಆತನ ರಿಟೈರ್‌ಮೆಂಟ್ ದುಡ್ಡಿನ ಹಕ್ಕು ಬಿಟ್ಟುಕೊಟ್ಟಿದ್ದರು. ಆದರೆ ಆತ ಕಂಪನಿಯ ಫಾರಂ ಬದಲಿಸಿರಲಿಲ್ಲ. ಆತ ತೀರಿಕೊಂಡ ಮೇಲೆ ಸುಮಾರು 4 ಲಕ್ಷ ಡಾಲರ್ ಮಾಜಿ ಹೆಂಡತಿಗೇ ಹೋಯಿತು. ಮಗಳು ಕೇಸು ಹಾಕಿದರು, ಕೋರ್ಟು ಕಂಪನಿ ಮಾಡಿದ್ದು ಸರಿ ಅಂದಿತು. ಹಲವು ರಾಜ್ಯಗಳಲ್ಲಿ ಡೈವೋರ್ಸ್ ಆದ ಕೂಡಲೇ ಮಾಜಿ ಸಂಗಾತಿಯ ಹೆಸರು ತಾನಾಗೇ ರದ್ದಾಗುವ ಕಾನೂನಿದೆ, ನಿಜ. ಆದರೆ ಖಾಸಗಿ ಕಂಪನಿ ಕೊಡುವ 401ಕೆ (ರಿಟೈರ್‌ಮೆಂಟ್ ಉಳಿತಾಯ ಖಾತೆ) ಮತ್ತು ಗ್ರೂಪ್ ಲೈಫ್ ಇನ್ಶೂರೆನ್ಸ್ ವಿಷಯದಲ್ಲಿ ಫೆಡರಲ್ ಕಾನೂನೇ ಮೇಲು, ರಾಜ್ಯದ ಈ ಕಾನೂನು ನಡೆಯುವುದಿಲ್ಲ. ಎಚ್‌ಆರ್ ಪೋರ್ಟಲ್‌ಗೆ ಹೋಗಿ ಬೆನಿಫಿಶಿಯರಿ (ನಿಮ್ಮ ನಂತರ ದುಡ್ಡು ಪಡೆಯುವವರ ಹೆಸರು) ಬದಲಿಸಿ, ಬದಲಾದ ಪುಟದ ಕಾಪಿ ಇಟ್ಟುಕೊಳ್ಳಿ. 401ಕೆಯಲ್ಲಿ ಪಾಲು ಆಗಬೇಕಿದ್ದರೆ ಡಿಕ್ರಿ ಸಾಲದು, ಕ್ವಾಡ್ರೋ ಅನ್ನುವ ಬೇರೆಯೇ ಕೋರ್ಟ್ ಆದೇಶ ಬೇಕು. ಅದನ್ನು ಮುಂದೆ ಹಾಕುತ್ತಾ ಹೋಗಬೇಡಿ.

ಆದರೆ ಕೇಸು ನಡೆಯುತ್ತಿರುವಾಗಲೇ ಆತುರಪಟ್ಟು ಹೆಸರು ಬದಲಿಸಬೇಡಿ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಡೈವೋರ್ಸ್ ಅರ್ಜಿಯ ಜೊತೆಗೇ ಒಂದು ತಡೆ ಆದೇಶ ಬರುತ್ತದೆ. ಇನ್ಶೂರೆನ್ಸ್ ರದ್ದು ಮಾಡುವ ಹಾಗಿಲ್ಲ, ಬೆನಿಫಿಶಿಯರಿ ಮುಟ್ಟುವ ಹಾಗಿಲ್ಲ. ಲಾಯರನ್ನು ಕೇಳಿಯೇ ಕೈ ಹಾಕಿ.

ಹೆಸರು ಬದಲಿಸುವಾಗ ಬಹಳ ಜನ ಸೀದಾ ಮಗುವಿನ ಹೆಸರು ಬರೆಯುತ್ತಾರೆ. ಮಗುವಿಗೆ ತಾನೇ ಕೊಡಬೇಕು, ಇನ್ನೇನು ಅಂತ. ಆದರೆ ಇನ್ಶೂರೆನ್ಸ್ ಕಂಪನಿ ಅಪ್ರಾಪ್ತ ಮಗುವಿನ ಕೈಗೆ ದೊಡ್ಡ ಮೊತ್ತ ಕೊಡುವುದಿಲ್ಲ. ಕೋರ್ಟು ಒಬ್ಬ ಗಾರ್ಡಿಯನ್‌ನನ್ನು ನೇಮಿಸುವ ತನಕ ದುಡ್ಡು ಅಲ್ಲೇ ಇರುತ್ತದೆ. ಆ ಗಾರ್ಡಿಯನ್ ಯಾರಾಗುತ್ತಾರೆ? ಬಹಳ ಸಲ ಬದುಕಿರುವ ಇನ್ನೊಬ್ಬ ಪೋಷಕರೇ, ಅಂದರೆ ನಿಮ್ಮ ಮಾಜಿಯೇ. ಅದು ನಿಮಗೆ ಸರಿ ಅನಿಸಿದರೆ ಸರಿ. ಇಲ್ಲದಿದ್ದರೆ ಚಿಕ್ಕದೊಂದು ಟ್ರಸ್ಟ್ ಮಾಡಿಸಿ, ನೀವು ನಂಬುವ ಅಕ್ಕನನ್ನೋ ತಮ್ಮನನ್ನೋ ಟ್ರಸ್ಟಿ ಮಾಡಿ. ಅಷ್ಟು ಖರ್ಚು ಬೇಡ ಅಂದರೆ ಮಗುವಿನ ಪರವಾಗಿ ದುಡ್ಡು ನೋಡಿಕೊಳ್ಳುವ ಒಬ್ಬ ಕಸ್ಟೋಡಿಯನ್ ಹೆಸರು ಬರೆಯಬಹುದು. ಆದರೆ ಆಗ ಸಾಮಾನ್ಯವಾಗಿ 18 ಅಥವಾ 21ಕ್ಕೆ, ರಾಜ್ಯದ ಪ್ರಕಾರ, ಪೂರ್ತಿ ದುಡ್ಡು ಮಗುವಿನ ಕೈಗೆ ಬರುತ್ತದೆ. 18 ವರ್ಷದ ಹುಡುಗನ ಕೈಗೆ ಅಷ್ಟು ದುಡ್ಡು? ನನ್ನನ್ನು ಕೇಳಿದರೆ ಟ್ರಸ್ಟೇ ವಾಸಿ.

ಈಗ ಚೈಲ್ಡ್ ಸಪೋರ್ಟ್. ಮಗುವಿನ ಖರ್ಚಿಗೆ ಪ್ರತಿ ತಿಂಗಳು ದುಡ್ಡು ಕೊಡುವವರು ನಾಳೆ ಇಲ್ಲವಾದರೆ ಏನು ಅನ್ನುವುದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕೆಟ್ಟ ಮಾತು ಅಂತ. ಕೇಳಲೇಬೇಕು. ಕೊಡುವವರ ಮೇಲೆ ಟರ್ಮ್ ಇನ್ಶೂರೆನ್ಸ್ ಇರಬೇಕು ಅಂತ ಒಪ್ಪಂದದಲ್ಲೇ ಬರೆಸಿ. ಮಗು ದೊಡ್ಡದಾಗುವ ತನಕದ ಸಪೋರ್ಟ್ ಮತ್ತು ಕಾಲೇಜು ಖರ್ಚು ಕೂಡಿಸಿದರೆ ಎಷ್ಟು ಬೇಕು ಅಂತ ಗೊತ್ತಾಗುತ್ತದೆ. ಇನ್ನೊಂದು ಮಾತು, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ಆ ಪಾಲಿಸಿಯ ಓನರ್ ಸಪೋರ್ಟ್ ಪಡೆಯುವವರೇ, ಅಂದರೆ ನೀವೇ, ಆದರೆ ಒಳ್ಳೆಯದು. ಓನರ್ ಸಪೋರ್ಟ್ ಕೊಡುವವರಾಗಿದ್ದು, ಪ್ರೀಮಿಯಂ ಕಟ್ಟದೆ ಪಾಲಿಸಿ ಲ್ಯಾಪ್ಸ್ ಆದರೆ ನಿಮಗೆ ಒಂದು ಕಾಗದವೂ ಬರುವುದಿಲ್ಲ. ಓನರ್ ನೀವಾದರೆ ನೋಟೀಸು ನಿಮಗೆ ಬರುತ್ತದೆ, ಬೆನಿಫಿಶಿಯರಿಯನ್ನು ಬೇರೆ ಯಾರೂ ಬದಲಿಸಲಾಗುವುದಿಲ್ಲ. "ಆಫೀಸಿನ ಇನ್ಶೂರೆನ್ಸ್ ಇದೆಯಲ್ಲ" ಅಂದರೆ ಒಪ್ಪಬೇಡಿ. ಅದು ಸಾಮಾನ್ಯವಾಗಿ ಒಂದೆರಡು ವರ್ಷದ ಸಂಬಳದಷ್ಟು, ಕೆಲಸ ಹೋದರೆ ಅದೂ ಹೋಗುತ್ತದೆ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ. ಡಿಸೆಬಿಲಿಟಿ ಇನ್ಶೂರೆನ್ಸೂ ನೋಡಿ. ಒಂದೇ ಸಂಬಳದ ಮನೆಯಲ್ಲಿ ಕಾಯಿಲೆ ಬಿದ್ದು ಆರು ತಿಂಗಳು ಮಲಗಿದರೆ ಬಾಡಿಗೆ ಕಟ್ಟುವವರು ಯಾರು?

ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಗಡುವು ಮುಖ್ಯ. ಮಾಜಿಯ ಆಫೀಸಿನ ಪ್ಲಾನ್‌ನಿಂದ ಸಂಗಾತಿ ಹೊರಬೀಳುತ್ತಾರೆ, ಮಕ್ಕಳು ಅದೇ ಪ್ಲಾನ್‌ನಲ್ಲಿ 26 ವರ್ಷದ ತನಕ ಇರಬಹುದು. 20 ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ ಕೋಬ್ರಾ, ಅಂದರೆ ಅದೇ ಪ್ಲಾನ್‌ನಲ್ಲಿ ಮುಂದುವರಿಯುವ ಹಕ್ಕು, ಸಿಗುತ್ತದೆ, 36 ತಿಂಗಳವರೆಗೆ. ಆದರೆ ಡೈವೋರ್ಸ್ ಆಗಿದೆ ಅಂತ 60 ದಿನದೊಳಗೆ ಪ್ಲಾನ್‌ಗೆ ತಿಳಿಸಬೇಕು, ಮತ್ತು ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ ನೀವೇ ಕಟ್ಟಬೇಕು. ಅದಕ್ಕಿಂತ ಸರ್ಕಾರದ ಹೆಲ್ತ್ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಳ್ಳುವ ಪ್ಲಾನ್ ಅಗ್ಗ ಬೀಳಬಹುದು. ಇದ್ದ ಕವರೇಜ್ ಹೋದ ಮೇಲೆ ಅದಕ್ಕೂ 60 ದಿನ. ನಿಮ್ಮದೇ ಆಫೀಸಿನ ಪ್ಲಾನ್ ಸೇರುವುದಾದರೆ ಗಡುವು ಕೆಲವೊಮ್ಮೆ 30 ದಿನ ಅಷ್ಟೇ.

ಎಚ್-4ನಲ್ಲಿ, ಅಂದರೆ ಎಚ್-1ಬಿಯವರ ಸಂಗಾತಿಯ ವೀಸಾದಲ್ಲಿ, ಇರುವವರು ಇಷ್ಟು ತಿಳಿದಿರಿ: ಡೈವೋರ್ಸ್ ಅಂತಿಮವಾದ ದಿನವೇ ಆ ಸ್ಟೇಟಸ್ ಮುಗಿಯುತ್ತದೆ. ಕೆಲಸ ಕಳೆದುಕೊಂಡ ಎಚ್-1ಬಿಯವರಿಗೆ ಸಿಗುವ 60 ದಿನ ನಿಮಗೆ ಇಲ್ಲ. ಡಿಕ್ರಿಗೆ ಮುಂಚೆಯೇ ಇಮಿಗ್ರೇಷನ್ ಲಾಯರನ್ನು ನೋಡಿ.

ಸೋಶಿಯಲ್ ಸೆಕ್ಯೂರಿಟಿಯನ್ನೂ ಮರೆಯಬೇಡಿ. ತೀರಿಕೊಂಡವರು ಸಾಕಷ್ಟು ಕಾಲ ಆ ತೆರಿಗೆ ಕಟ್ಟಿದ್ದರೆ, ಡೈವೋರ್ಸ್ ಆಗಿದ್ದರೂ ಮಗುವಿಗೆ 18ರ ತನಕ, ಇನ್ನೂ ಹೈಸ್ಕೂಲಿನಲ್ಲಿದ್ದರೆ 19ರ ತನಕ, ತಿಂಗಳ ದುಡ್ಡು ಬರಬಹುದು. ಮಾಜಿಯ ಲೆಕ್ಕದಲ್ಲಿ ನಿಮಗೂ ರಿಟೈರ್‌ಮೆಂಟ್ ಬೆನಿಫಿಟ್ ಸಿಗಬೇಕಾದರೆ ಮದುವೆ 10 ವರ್ಷ ನಡೆದಿರಬೇಕು. ಒಂಬತ್ತೂವರೆ ವರ್ಷಕ್ಕೆ ಸಹಿ ಹಾಕುವ ಮುಂಚೆ ಒಮ್ಮೆ ಕ್ಯಾಲೆಂಡರ್ ನೋಡಿ.

ಮತ್ತೆ ಮದುವೆ ಆಗುತ್ತೀರಾ? ಸಂತೋಷ. ಆದರೆ ಸಾಮಾನ್ಯವಾಗಿ 401ಕೆಯಲ್ಲಿ ಹೊಸ ಸಂಗಾತಿಯೇ ವಾರಸುದಾರರಾಗುತ್ತಾರೆ, ಫಾರಂನಲ್ಲಿ ಮಗುವಿನ ಹೆಸರಿದ್ದರೂ. ಮಗುವಿಗೇ ಹೋಗಬೇಕು ಅಂದರೆ ಮದುವೆ ಆದ ಮೇಲೆ ಅವರು ಬರಹದಲ್ಲಿ ಒಪ್ಪಿಗೆ ಕೊಡಬೇಕು.

ಕೊನೆಗೆ ಊರಿನಲ್ಲಿ ಮಾಡಿಸಿಟ್ಟ ಎಲ್‌ಐಸಿ ಪಾಲಿಸಿ. ಇಲ್ಲಿನ ಡಿಕ್ರಿ ಬಂತು ಅಂತ ಅಲ್ಲಿ ನಾಮಿನಿ ಬದಲಾಗುವುದಿಲ್ಲ, ಶಾಖೆಗೆ ನೀವೇ ಅರ್ಜಿ ಕೊಡಬೇಕು. ಆದರೆ ಪಾಲಿಸಿಯನ್ನು ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದ್ದರೆ ಅದರಲ್ಲಿ ಬರೆದ ಹೆಂಡತಿ, ಮಕ್ಕಳ ಹೆಸರನ್ನು ನೀವೊಬ್ಬರೇ ಬದಲಿಸಲಾಗುವುದಿಲ್ಲ. ಪಾಲಿಸಿ ಬಾಂಡ್ ಅಪ್ಪ-ಅಮ್ಮನ ಹತ್ತಿರ ಇದ್ದರೆ ಅದರ ಎಲ್ಲ ಪುಟಗಳ ಫೋಟೋ ತರಿಸಿಕೊಂಡು ಇದನ್ನು ಮೊದಲು ನೋಡಿ.