ಲಾಲ್‌ಬಾಗ್ ಬಂಡೆ ಹತ್ತಿ ಅರ್ಥ್ ಸೈನ್ಸ್ ಕಲಿಯೋದು ಹೇಗೆ

ಡಿಗ್ರಿ ಫಸ್ಟ್ ಇಯರಲ್ಲಿ ಅರ್ಥ್ ಸೈನ್ಸ್ ಪೇಪರ್ ತಗೊಂಡವ್ರಿಗೆ ಮೊದಲ ಯೂನಿಟ್ಟಲ್ಲೇ ಸೈಂಟಿಫಿಕ್ ಮೆಥಡ್ ಅಂತ ಒಂದು ಚಿತ್ರ ಬರತ್ತೆ, ನಾಲ್ಕು ಡಬ್ಬಿ, ಮಧ್ಯೆ ಬಾಣ, ಕೊನೇ ಡಬ್ಬಿಲಿ ಕನ್‌ಕ್ಲೂಷನ್. ಎಲ್ರೂ ಬಾಯಿಪಾಠ ಮಾಡಿ ಐದು ಮಾರ್ಕ್ಸ್ ತಗೊಂಡು ಮರೀತಾರೆ. ಆದ್ರೆ ಭೂಮಿ ವಿಷಯದಲ್ಲಿ ಆ ಚಿತ್ರ ಸರಿಯಾಗಿ ಕೂರೋದೇ ಇಲ್ಲ, ಯಾಕಂದ್ರೆ 300 ಕೋಟಿ ವರ್ಷ ಹಿಂದೆ ನಡೆದಿದ್ದನ್ನ ಲ್ಯಾಬಲ್ಲಿ ಮತ್ತೆ ನಡೆಸಿ ನೋಡೋಕಾಗಲ್ಲ, ನಮಗೆ ಸಿಗೋದು ಉಳಿದಿರೋ ಗುರುತುಗಳು ಮಾತ್ರ. ಆ ಗುರುತು ಹಿಡ್ಕೊಂಡು ಹೇಗೆ ಯೋಚ್ನೆ ಮಾಡೋದು ಅಂತ ಕಲಿಬೇಕಂದ್ರೆ ಬೆಂಗಳೂರಲ್ಲಿ ಲಾಲ್‌ಬಾಗ್ ಬಂಡೆಗಿಂತ ಸುಲಭದ ಜಾಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಅರ್ಧ ದಿನ ಸಾಕು.

ಕೆಂಪೇಗೌಡ ಗೋಪುರ ಇದೆಯಲ್ಲ, ಅದರ ಕೆಳಗಿರೋ ದೊಡ್ಡ ಹಾಸುಬಂಡೆ. ಇದಕ್ಕೆ ಪೆನಿನ್ಸುಲಾರ್ ನೈಸ್ ಅಂತ ಹೆಸರು (ನೈಸ್ ಅಂದ್ರೆ ಪಟ್ಟೆಪಟ್ಟೆ ಇರೋ ಒಂದು ಜಾತಿ ಕಲ್ಲು), 1916ರಲ್ಲಿ ಮೈಸೂರು ಜಿಯಾಲಜಿ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ ಇಟ್ಟಿದ್ದು. ಜಿಯಾಲಜಿಕಲ್ ಸರ್ವೇ ಆಫ್ ಇಂಡಿಯಾ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ, ಬೋರ್ಡ್ ಕೂಡ ಇದೆ. ಬೋರ್ಡನ್ನ ಕೊನೇಲಿ ಓದಿ. ಮೊದಲೇ ಓದಿದ್ರೆ ಬೋರ್ಡಲ್ಲಿರೋದೇ ಕಣ್ಣಿಗೆ ಕಾಣೋಕೆ ಶುರುವಾಗತ್ತೆ.

ತಗೊಂಡು ಹೋಗ್ಬೇಕಾದ್ದು: ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಒಂದು ಲೆನ್ಸು, ಅಳತೆ ಟೇಪು, ಬಾಟಲಿ ನೀರು, ಹತ್ತು ರೂಪಾಯಿ ಕಾಯಿನ್ನು. ಸುತ್ತಿಗೆ ಬೇಡ, ಅಲ್ಲಿ ಕಲ್ಲು ಒಡೆಯೋ ಹಾಗಿಲ್ಲ, ಗೀರೋದೂ ತಪ್ಪು. ಬೆಳಗ್ಗೆ ಬೇಗ ಹೋಗಿ, ಓರೆ ಬಿಸಿಲಲ್ಲಿ ಬಂಡೆಯ ಉಬ್ಬುತಗ್ಗು ಚೆನ್ನಾಗಿ ಕಾಣತ್ತೆ. ಫ್ಲವರ್ ಶೋ ಟೈಮಲ್ಲಂತೂ ಹೋಗ್ಲೇಬೇಡಿ.

ನೋಟ್‌ಬುಕ್ಕಿನ ಪುಟಕ್ಕೆ ಮಧ್ಯೆ ಒಂದು ಗೆರೆ ಎಳೀರಿ. ಎಡಕ್ಕೆ ಕಂಡಿದ್ದು, ಬಲಕ್ಕೆ ಅಂದ್ಕೊಂಡಿದ್ದು, ಎರಡಕ್ಕೂ ಬೇರೆ ಬೇರೆ ಬಣ್ಣ. ತುಂಬಾ ಸುಲಭ ಅನ್ಸತ್ತೆ, ಮಾಡಿ ನೋಡಿ, ಮೊದಲ ಹತ್ತು ನಿಮಿಷದಲ್ಲೇ ಎಡವ್ತೀರ. "ಲಾವಾ ಹರಿದ ಗುರುತು" ಅಂತ ಎಡಗಡೆ ಬರೆದ್ರೆ ಅದು ತಪ್ಪು, ಲಾವಾ ಹರಿದಿದ್ದನ್ನ ನೀವು ನೋಡಿಲ್ಲ. "ಕಪ್ಪು ಪಟ್ಟಿ, ಎರಡು ಬೆರಳು ಅಗಲ, ಅಂಕುಡೊಂಕು, ಪಕ್ಕದಲ್ಲಿ ಬಿಳಿ ಪಟ್ಟಿ", ಇದು ಕಂಡಿದ್ದು. ಫೋಟೋ ತೆಗೆಯೋವಾಗ ಕಾಯಿನ್ ಇಟ್ಟು ತೆಗೀರಿ, ಹತ್ತು ರೂಪಾಯಿ ಕಾಯಿನ್ನಿನ ಅಗಲ 27 ಮಿಲಿಮೀಟರ್, ಆಮೇಲೆ ಮನೇಲಿ ಕೂತು ಯಾವ್ದನ್ನ ಬೇಕಾದ್ರೂ ಅಳೀಬಹುದು.

ಈಗ ಮೊದಲ ಪರೀಕ್ಷೆ. ಬಂಡೆ ಮೇಲೆ ಉದ್ದುದ್ದ ಕಪ್ಪು ಪಟ್ಟೆಗಳು ಕಾಣತ್ವೆ, ದೂರದಿಂದ್ಲೇ ಎದ್ದು ಕಾಣೋವು. ಹೊಸಬರು ಇದನ್ನೇ ಕಲ್ಲಿನ ಪದರ ಅಂತ ಬರ್ಕೊಳ್ತಾರೆ. ಆದ್ರೆ ಇನ್ನೊಂದು ಸಾಧ್ಯತೆನೂ ಇದೆ, ಮಳೆ ನೀರು ಇಳಿಯೋ ಜಾಗದಲ್ಲಿ ಪಾಚಿ ತರದ್ದು ಬೆಳೆದು ಒಣಗಿ ಕಪ್ಪಾಗಿರಬಹುದು. ಎರಡರಲ್ಲಿ ಯಾವುದು? ಯಾರನ್ನೂ ಕೇಳ್ಬೇಡಿ, ಗೂಗಲ್ಲೂ ಬೇಡ. ನೀರಿನ ಕಲೆ ಆಗಿದ್ರೆ ಪಟ್ಟೆ ಇಳಿಜಾರಿನ ಜೊತೇಲೇ ಇಳೀಬೇಕು, ಬಂಡೆ ತಿರುಗಿದ ಕಡೆ ಅದೂ ತಿರುಗ್ಬೇಕು, ಲೆನ್ಸಲ್ಲಿ ನೋಡಿದ್ರೆ ಕಪ್ಪು ಮೇಲ್ಮೈಲಿ ಮಾತ್ರ ಇರ್ಬೇಕು. ಕಲ್ಲಿನದ್ದೇ ಪಟ್ಟಿ ಆಗಿದ್ರೆ ಅದಕ್ಕೆ ಇಳಿಜಾರಿನ ಹಂಗಿಲ್ಲ, ಅಡ್ಡಕ್ಕೂ ಹೋಗತ್ತೆ, ಹತ್ತೋ ಕಡೆಗೂ ಹೋಗತ್ತೆ, ಲೆನ್ಸಲ್ಲಿ ಕಪ್ಪು ಹರಳುಗಳೇ ಕಾಣತ್ವೆ. ಇಷ್ಟನ್ನ ಮೊದಲು ಬರೆದು ಆಮೇಲೆ ಹೋಗಿ ನೋಡಿ. ಬಾಟಲಿಯಿಂದ ಸ್ವಲ್ಪ ನೀರು ಚೆಲ್ಲಿ, ಅದು ಯಾವ ದಾರಿ ಹಿಡಿಯತ್ತೆ ನೋಡಿ. ಎರಡೂ ತರದ ಪಟ್ಟೆ ಅಲ್ಲಿ ಸಿಗತ್ವೆ, ಬೇರೆ ಮಾಡೋದು ನಿಮ್ಮ ಕೆಲ್ಸ. ನೋಡೋಕೆ ಮುಂಚೆ "ಹೀಗಿದ್ರೆ ಹೀಗೆ ಕಾಣ್ಬೇಕು" ಅಂತ ಬರೆದಿಡೋದೇ ಈ ಪೂರ್ತಿ ಕೆಲಸದ ಜೀವಾಳ, ನೋಡಿದ್ಮೇಲೆ ಬರೆದ್ರೆ ಯಾವ ಕಥೆ ಬೇಕಾದ್ರೂ ಹೊಂದ್ಕೊಳ್ಳತ್ತೆ.

ಒದ್ದೆ ಮಾಡಿದ ಜಾಗದಲ್ಲಿ ನಿಜವಾದ ಪಟ್ಟಿಗಳು ಚೆನ್ನಾಗಿ ಏಳತ್ವೆ. ಲೆನ್ಸಲ್ಲಿ ನೋಡಿ: ಗಾಜಿನ ಚೂರಿನ ತರ ಬೂದು ಬಣ್ಣದ್ದು ಕ್ವಾರ್ಟ್ಜ್, ಅಂದ್ರೆ ಬೆಣಚುಕಲ್ಲಿನ ಜಾತಿ, ಬಿಳಿ ಅಥವಾ ನಸುಗೆಂಪಗಿದ್ದು ಚಪ್ಪಟೆ ಮುಖ ಬಿಸಿಲಿಗೆ ಹೊಳೆಯೋದು ಫೆಲ್ಡ್‌ಸ್ಪಾರ್, ಕಪ್ಪಗೆ ತೆಳು ಹಾಳೆ ತರ ಮಿನುಗೋದು ಬಯೋಟೈಟ್, ಕಾಗೆಬಂಗಾರದ ಕಪ್ಪು ತಮ್ಮ. ಗಮನಿಸ್ಬೇಕಾದ್ದು ಏನಂದ್ರೆ ಈ ಹರಳುಗಳು ಒಂದರ ಮಧ್ಯೆ ಒಂದು ಸಿಕ್ಕಿಹಾಕ್ಕೊಂಡಿರತ್ವೆ, ಹೊಳೆಯಲ್ಲಿ ಉರುಳಿ ಬಂದ ಮರಳಿನ ತರ ದುಂಡಗಿಲ್ಲ, ಮಧ್ಯೆ ಅಂಟು ಮಣ್ಣೂ ಇಲ್ಲ. ಹಾಗಾಗಿ "ಇದು ಕೆರೆ ತಳದಲ್ಲಿ ಕೂತ ಹೂಳಿನ ಪದರ" ಅನ್ನೋ ಐಡಿಯಾ ಇದ್ದ ಹಾಗೇ ನಿಲ್ಲಲ್ಲ. ಹೂಳು ಆಮೇಲೆ ಆಳದಲ್ಲಿ ಬೆಂದು ಹರಳಾಗಿರಬಹುದಲ್ಲ ಅಂತ ನೀವು ಕೇಳಿದ್ರೆ ಶಹಬ್ಬಾಸ್, ಅದನ್ನ ಲೆನ್ಸ್ ತೀರ್ಮಾನ ಮಾಡಲ್ಲ, ಕಲ್ಲಿನ ಕೆಮಿಸ್ಟ್ರಿ ನೋಡ್ಬೇಕು. ಬಲಗಡೆ ಕಾಲಮ್ಮಲ್ಲಿ ಪ್ರಶ್ನೆ ಗುರುತು ಹಾಕಿ ಮುಂದೆ ಹೋಗಿ.

ಯಾವುದು ಮೊದಲು ಯಾವುದು ಆಮೇಲೆ ಅಂತ ಹೇಳೋಕೆ ಮಿಷಿನ್ ಬೇಡ. ಗೋಡೆ ಬಿರುಕು ಬಣ್ಣವನ್ನೂ ಸೀಳ್ಕೊಂಡು ಹೋಗಿದ್ರೆ ಬಿರುಕು ಬಿಟ್ಟಿದ್ದು ಬಣ್ಣ ಹೊಡೆದ ಮೇಲೆ, ಅಷ್ಟೇ ಲಾಜಿಕ್ಕು. ಬಂಡೆಲಿ ಕೆಲವು ಬಿಳಿ ನರಗಳು ಪಟ್ಟಿಗಳನ್ನ ಕತ್ತರಿಸ್ಕೊಂಡು ಅಡ್ಡ ಹೋಗಿರತ್ವೆ, ಅವು ಪಟ್ಟಿಗಿಂತ ಕಿರಿಯವು. ಇನ್ನು ಕೆಲವು ಕಡೆ ಕಪ್ಪು ತುಂಡುಗಳು ನೈಸ್ ಒಳಗೆ ಸಿಕ್ಕಿಕೊಂಡಿವೆ, ಒಳಗೆ ಸಿಕ್ಕಿದ ತುಂಡು ಹೊರಗಿನದಕ್ಕಿಂತ ಹಿರಿಯದು. ಪುಟದ ಕೆಳಗೆ ಸರಣಿ ಬರೀರಿ: ಕಪ್ಪು ತುಂಡು, ಆಮೇಲೆ ನೈಸ್, ಅದಾದ್ಮೇಲೆ ಅಡ್ಡ ನರ. ಬಿಳಿ ನರವೇ ಇನ್ನೊಂದು ನರವನ್ನ ಕತ್ತರಿಸಿರೋ ಜಾಗ ಸಿಕ್ಕಿದ್ರೆ ಅದನ್ನೂ ಸೇರ್ಸಿ.

ಇಲ್ಲಿವರೆಗೆ ನೋಡೋದಾಯ್ತು, ಈಗ ಎಣಿಸೋದು. ಪ್ರಶ್ನೆ ಚಿಕ್ಕದಾಗಿರ್ಲಿ: ಬಿಳಿ ನರಗಳಲ್ಲಿ ಎಷ್ಟು ಪಟ್ಟಿಗಳ ಜೊತೇಲೇ ಹೋಗತ್ವೆ, ಎಷ್ಟು ಅಡ್ಡ ಹೋಗತ್ವೆ? ಸುಮ್ನೆ ಓಡಾಡ್ತಾ ಎಣಿಸಿದ್ರೆ ಕೆಟ್ಟಿತು, ಅಡ್ಡ ನರಗಳೇ ಚೆಂದ ಕಾಣೋದು, ಕಣ್ಣು ಅದನ್ನೇ ಆರಿಸತ್ತೆ. ಅದಕ್ಕೆ ಟೇಪನ್ನ ನೇರವಾಗಿ ಹತ್ತು ಮೀಟರ್ ಹಾಸಿ, ಟೇಪನ್ನ ಮುಟ್ಟೋ ಪ್ರತಿಯೊಂದು ನರವನ್ನೂ ಬರೀರಿ, ಬೋರಿಂಗ್ ಆಗಿರೋದನ್ನೂ. ಇದರಲ್ಲೂ ಒಂದು ಮೋಸ ಇದೆ, ಟೇಪಿಗೆ ಸಮಾನಾಂತರವಾಗಿರೋ ನರಗಳು ಟೇಪಿಗೆ ಸಿಗೋದೇ ಇಲ್ಲ, ಆದ್ರಿಂದ ಮೊದಲನೇದಕ್ಕೆ ಲಂಬವಾಗಿ ಇನ್ನೊಂದು ಸಲ ಹಾಸಿ. ದಿಕ್ಕು ಅಳೆಯೋಕೆ ಫೋನಿನ ಕಂಪಾಸ್ ಸಾಕು, ಆದ್ರೆ ಕಬ್ಬಿಣದ ರೇಲಿಂಗ್ ಪಕ್ಕ ನಿಂತು ಅಳೀಬೇಡಿ, ಮ್ಯಾಗ್ನೆಟ್ ಇರೋ ಕವರ್ ಇದ್ರೆ ತೆಗೆದುಬಿಡಿ. ಫ್ರೆಂಡ್ ಬಂದಿದ್ರೆ ಒಂದೇ ನರವನ್ನ ಇಬ್ರೂ ಬೇರೆ ಬೇರೆ ಅಳೆದು, ಪರಸ್ಪರ ತೋರಿಸದೆ ಬರೆದಿಟ್ಟು, ಕೊನೇಲಿ ಹೋಲಿಸಿ. ಇಬ್ಬರ ಮಧ್ಯೆ ಹತ್ತು ಡಿಗ್ರಿ ವ್ಯತ್ಯಾಸ ಬಂದ್ರೆ, ಐದು ಡಿಗ್ರಿ ವ್ಯತ್ಯಾಸದ ಮೇಲೆ ದೊಡ್ಡ ಮಾತು ಕಟ್ಟೋಕೆ ಹೋಗ್ಬೇಡಿ.

ಈಗ ಬೋರ್ಡ್ ಓದಿ. 300 ಕೋಟಿ ವರ್ಷ ಅಂತಿರತ್ತೆ. ನಿಮ್ಮ ಸರಣಿಲಿ ಹಿಂದುಮುಂದು ಇತ್ತು, ವರ್ಷ ಇರ್ಲಿಲ್ಲ, ಅದೆಲ್ಲಿಂದ ಬಂತು? ಇಂಥಾ ಕಲ್ಲಲ್ಲಿ ಜಿರ್ಕಾನ್ ಅನ್ನೋ ಸಣ್ಣ ಹರಳು ಇರತ್ತೆ. ಅದು ಹುಟ್ಟೋವಾಗ ಯುರೇನಿಯಂ ಒಳಗೆ ಬಿಟ್ಕೊಳ್ಳತ್ತೆ, ಸೀಸವನ್ನ ಹತ್ರಕ್ಕೂ ಸೇರ್ಸಲ್ಲ, ಹಾಗಾಗಿ ಈಗ ಒಳಗಿರೋ ಸೀಸ ಹೆಚ್ಚುಕಮ್ಮಿ ಪೂರ್ತಿ ಯುರೇನಿಯಂ ಕ್ಷಯಿಸಿ ಆಗಿದ್ದು. ಯುರೇನಿಯಂನಲ್ಲಿ ಎರಡು ಜಾತಿ ಪರಮಾಣು: ಯುರೇನಿಯಂ-238 ಅರ್ಧ ಆಗೋಕೆ ಸುಮಾರು 447 ಕೋಟಿ ವರ್ಷ, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಲ್ಲಿ ಎರಡು ಗಡಿಯಾರ, ಎರಡೂ ಒಂದೇ ಟೈಮ್ ಹೇಳಿದ್ರೆ ಧೈರ್ಯ ಬರತ್ತೆ, ಬೇರೆ ಹೇಳಿದ್ರೆ ಮಧ್ಯೆ ಸೀಸ ಸೋರಿದೆಯಾ ಅಂತ ಹುಡುಕ್ತಾರೆ. ತಪ್ಪಾದ್ರೆ ಗೊತ್ತಾಗೋ ವ್ಯವಸ್ಥೆ ಒಳಗೇ ಇದೆ, ನನಗೆ ಈ ವಿಧಾನ ಇಷ್ಟ ಆಗೋದೇ ಅದಕ್ಕೆ.

ನಂಬರ್ ಇದೆ ಅಂದ ಮಾತ್ರಕ್ಕೆ ಸರಿ ಅಂತಲ್ಲ ಮತ್ತೆ. ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1862ರಲ್ಲಿ ಭೂಮಿ ಎಷ್ಟು ಬೇಗ ತಣ್ಣಗಾಗತ್ತೆ ಅಂತ ಲೆಕ್ಕ ಹಾಕಿ ಅದರ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷದ ಒಳಗೆ ಅಂದಿದ್ರು, ಗಣಿತದಲ್ಲಿ ತಪ್ಪಿರ್ಲಿಲ್ಲ. ರೇಡಿಯೋ ಆಕ್ಟಿವಿಟಿ, ಅಂದ್ರೆ ಯುರೇನಿಯಂ ತರದ್ದು ಕ್ಷಯಿಸ್ತಾ ಶಾಖ ಬಿಡೋದು, ಗೊತ್ತಿಲ್ದೇ ಇದ್ದಿದ್ದಕ್ಕೆ ತಪ್ಪಾಯ್ತು ಅಂತ ತುಂಬಾ ಕಡೆ ಬರೀತಾರೆ, ಅದು ಅರ್ಧ ಕಥೆ. ಅವರ ಹಳೇ ಅಸಿಸ್ಟೆಂಟ್ ಜಾನ್ ಪೆರಿ 1895ರಲ್ಲೇ, ಅಂದ್ರೆ ರೇಡಿಯೋ ಆಕ್ಟಿವಿಟಿ ಪತ್ತೆ ಆಗೋಕೂ ಒಂದು ವರ್ಷ ಮುಂಚೆ, ಭೂಮಿಯ ಒಳಭಾಗ ಕೆಲ್ವಿನ್ ಅಂದ್ಕೊಂಡಷ್ಟು ಗಟ್ಟಿ ಇಲ್ದೇ ಒಳಗೊಳಗೇ ಶಾಖ ಚೆನ್ನಾಗಿ ಸಾಗ್ತಿದ್ರೆ ವಯಸ್ಸು ತುಂಬಾ ಜಾಸ್ತಿ ಬರತ್ತೆ ಅಂತ ತೋರ್ಸಿದ್ರು. ಎಡವಟ್ಟಾಗಿದ್ದು ಲೆಕ್ಕಕ್ಕೆ ಮುಂಚೆ ಒಪ್ಕೊಂಡ ಮಾತಲ್ಲಿ. ಆಮೇಲೆ 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸ ಅಳೆದು 455 ಕೋಟಿ ವರ್ಷ ಅಂದ್ರು, ಅದು ಹೆಚ್ಚುಕಮ್ಮಿ ಹಾಗೇ ನಿಂತಿದೆ. ನಿಮ್ಮ ರಿಪೋರ್ಟಲ್ಲೂ "ನಾನು ಒಪ್ಕೊಂಡಿದ್ದು" ಅಂತ ಒಂದು ಪ್ಯಾರಾ ಇರ್ಲಿ, ಉದಾಹರಣೆಗೆ ಇಪ್ಪತ್ತು ಮೀಟರ್ ಟೇಪು ಇಡೀ ಬಂಡೆಯನ್ನ ಪ್ರತಿನಿಧಿಸತ್ತೆ ಅನ್ನೋದು.

ಬೇಜಾರಾಗಿಲ್ಲ ಅಂದ್ರೆ ಇನ್ನೊಂದು ದಿನ ರಾಮನಗರಕ್ಕೆ ಹೋಗಿ. ಊರಿನ ಹಳೇ ಹೆಸರು ಕ್ಲೋಸ್‌ಪೇಟೆ, ಅಲ್ಲಿನ ಗ್ರಾನೈಟಿಗೂ ಅದೇ ಹೆಸರು, ವಯಸ್ಸು ಸುಮಾರು 250 ಕೋಟಿ ವರ್ಷ. ಹೊರಡೋಕೆ ಮುಂಚೆ ನೋಟ್‌ಬುಕ್ಕಲ್ಲಿ ಬರೀರಿ: ಗ್ರಾನೈಟು ಕಿರಿಯದಾಗಿದ್ರೆ ಅದರೊಳಗೆ ಪಟ್ಟೆಪಟ್ಟೆ ನೈಸ್ ತುಂಡುಗಳು ಸಿಗ್ಬೇಕು, ನೈಸ್ ಒಳಗೆ ಒಡೆದ ಗ್ರಾನೈಟ್ ತುಂಡು ಸಿಗ್ಬಾರ್ದು. ಹೈವೇ ಪಕ್ಕ ನಿಂತು ನೋಡೋ ಸಾಹಸ ಬೇಡ, ಕ್ವಾರಿ ಒಳಗೆ ಹೋಗೋದಾದ್ರೆ ಕೇಳ್ಕೊಂಡೇ ಹೋಗಿ, ಬ್ಲಾಸ್ಟಿಂಗ್ ಯಾವ ಟೈಮಿಗೆ ಅಂತಾನೂ ಕೇಳಿ.