ಟ್ರೇಲರಿನ ಏರ್ ಪೈಪು, ವೈರಿಂಗ್ ಮರುಜೋಡಣೆ: ಅಳತೆ ತಿರುವಿನಲ್ಲಿ ತೆಗೆಯಿರಿ

ಹುಬ್ಬಳ್ಳಿಯ ಗಬ್ಬೂರು ಬೈಪಾಸಿನ ಬದಿಗೆ ನಿಂತ ಟ್ರೇಲರುಗಳ ಕ್ಯಾಬಿನ್ ಹಿಂದೆ ಇಣುಕಿದರೆ, ಫಿಫ್ತ್ ವೀಲಿನ (ಟ್ರೇಲರಿನ ಮುಂಭಾಗ ಕೂರುವ ಉಕ್ಕಿನ ತಟ್ಟೆ) ಗ್ರೀಸಿನ ಮೇಲೆ ಬಿದ್ದು ಉಜ್ಜಿ, ಒಳಗಿನ ನೂಲಿನ ಹೆಣಿಗೆ ಕಾಣುವಷ್ಟು ಸವೆದ, ಟ್ರೇಲರಿನ ಬ್ರೇಕಿಗೆ ಗಾಳಿ ಒಯ್ಯುವ ಏರ್ ಪೈಪುಗಳು ಕಣ್ಣಿಗೆ ಬೀಳುತ್ತವೆ. ಅವನ್ನು ಮೇಲಕ್ಕೆತ್ತಿ ಹೊಸ ದಾರಿಯಲ್ಲಿ ಒಯ್ಯುವುದು ಅರ್ಧ ದಿನದ ಕೆಲಸ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ; ಅಳತೆಗೆಂದು ಸರಿಸುವಾಗ ಬಿಟ್ಟು ಉಳಿದ ಹೊತ್ತೆಲ್ಲ ಗಾಲಿಗಳಿಗೆ ಮರದ ತುಂಡು ಕೊಟ್ಟಿರಿ. ಸ್ಪ್ರಿಂಗ್ ಬ್ರೇಕ್ (ಗಾಳಿ ಹೋದರೆ ಸ್ಪ್ರಿಂಗಿನಿಂದ ತಾನಾಗಿ ಹಿಡಿಯುವ ಬ್ರೇಕ್) ಇಲ್ಲದ ಹಳೆಯ ಟ್ರೇಲರಿನಲ್ಲಿ ಗಾಳಿ ಖಾಲಿಯಾದರೆ ಬ್ರೇಕೇ ಇರುವುದಿಲ್ಲ; ಆದ್ದರಿಂದ ಈ ಹಂತವನ್ನು ಬಿಡಲೇಬಾರದು.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಕಳೆದ ಮಳೆಗಾಲದಲ್ಲಿ ಹೊಸ ಪೈಪು ಹಾಕಿಸಿಕೊಂಡು ಹೊರಟ ಗಾಡಿಯೊಂದು ನನ್ನೆದುರಿಗೇ ಯಾರ್ಡಿನ ಗೇಟಿನಲ್ಲಿ ಬಲಕ್ಕೆ ತಿರುಗುತ್ತಲೇ ಕೆಂಪು ಪೈಪು ಕಿತ್ತು, ಟ್ರೇಲರಿನ ಬ್ರೇಕುಗಳು ಹಿಡಿದುಕೊಂಡು ಅಡ್ಡಲಾಗಿ ನಿಂತುಬಿಟ್ಟಿತು. ಗಾಡಿ ನೇರ ನಿಂತಾಗ ಅಳೆದದ್ದೇ ಅದಕ್ಕೆ ಕಾರಣ. ಹಳೆಯ ಪೈಪು ಇರುವಾಗಲೇ ಸ್ಟಿಯರಿಂಗ್ ಪೂರ್ತಿ ಎಡಕ್ಕೆ ಎಳೆದು, ಲೋಡಿಂಗ್ ಜಾಗದಲ್ಲಿ ನೀವು ತಿರುಗಿಸುವಷ್ಟು ಗಾಡಿಯನ್ನು ನಿಧಾನವಾಗಿ ಮಡಿಸಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಪೈಪಿನ ತುದಿಗಳು ಕ್ಯಾಬಿನ್ ಕಡೆಗೂ ಟ್ರೇಲರಿನ ಕಡೆಗೂ ಜೋಡಣೆಯಾಗುವ ಎರಡೂ ಕಪ್ಲಿಂಗುಗಳ ನಡುವೆ ಹುರಿ ಹಿಡಿದು ಗುರುತು ಹಾಕಿ. ಬಲಕ್ಕೂ ಹಾಗೆಯೇ ಮಾಡಿ. ಕಪ್ಲಿಂಗುಗಳು ಸರಿಯಾಗಿ ನಡುವೆ ಇರುವುದಿಲ್ಲವಾದ್ದರಿಂದ ಎರಡೂ ಅಳತೆ ಒಂದೇ ಬರುವುದಿಲ್ಲ. ಉದ್ದನೆಯದನ್ನು ಹಿಡಿದು ಅದಕ್ಕೆ ಒಂದು ಗೇಣು ಸೇರಿಸಿ. ವೈರನ್ನು ಪೈಪಿಗಿಂತ ನಾಲ್ಕು ಬೆರಳು ಉದ್ದ ಬಿಡಿ. ಎಳೆತ ಬಿದ್ದರೆ ಅದು ಪೈಪಿನ ಮೇಲೆ ಬೀಳಬೇಕೇ ಹೊರತು ವೈರಿನ ಮೇಲಲ್ಲ.

ಇನ್ನು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕುಗಳ ಗಾಳಿ, ನೀರು ಖಾಲಿ ಮಾಡಿ.

ನೇರ ನಿಂತಾಗ ಜೋತುಬೀಳುವ ಈ ಹೆಚ್ಚುವರಿ ಉದ್ದವನ್ನು ಕ್ಯಾಬಿನ್ ಹಿಂದಿನ ಕಂಬದಿಂದ ಸ್ಪ್ರಿಂಗ್ ಕೊಕ್ಕೆಯಲ್ಲಿ ತೂಗುಹಾಕಿ. ಸೈಲೆನ್ಸರಿನ ಪಕ್ಕ ದಾರಿ ಬೇಡವೇ ಬೇಡ. ಚಾಸಿಗೆ ರಬ್ಬರ್ ಒಳಪದರದ ಕ್ಲಾಂಪನ್ನೇ ಹಾಕಿ. ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಒಣಗಿ ತುಂಡಾಗುತ್ತದೆ. ಏರ್ ಪೈಪಿಗೆ ನೀರಿನ ಪೈಪಿನ ಕ್ಲಿಪ್ ಬಿಗಿಯುವವರೂ ಇದ್ದಾರೆ. ಅರಬೈಲ್ ಘಟ್ಟ ಇಳಿಯುವ ಗಾಡಿಗೆ ಅಂಥ ಕೆಲಸ ಮಾಡಬಾರದು.

ಕೆಂಪು ಪೈಪು ಟ್ರೇಲರಿನ ಟ್ಯಾಂಕನ್ನು ತುಂಬುತ್ತದೆ, ಹಳದಿಯದರಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ಗಾಳಿ ಬರುತ್ತದೆ. ಅದಲುಬದಲಾದರೆ ಟ್ರೇಲರಿನ ಟ್ಯಾಂಕಿಗೆ ಗಾಳಿಯೇ ತುಂಬುವುದಿಲ್ಲ. ಕಪ್ಲಿಂಗಿನ ರಬ್ಬರ್ ಸೀಲು ಹೇಗಿದ್ದರೂ ಹೊಸದನ್ನೇ ಹಾಕಿ.

ಏಳು ಪಿನ್ನಿನ ಸಾಕೆಟ್ಟಿನಲ್ಲಿ ಒಂದನೆಯ ಪಿನ್ನಿನ ಬಿಳಿ ವೈರು ಅರ್ಥಿಂಗ್. ಉಳಿದವು 1.5 ಚದರ ಮಿಲಿಮೀಟರ್ ಇದ್ದರೆ ಇದು 2.5 ಇರಲಿ. ಬ್ರೇಕ್ ಒತ್ತಿದಾಗ ಇಂಡಿಕೇಟರುಗಳೂ ಮಂಕಾಗಿ ಉರಿದರೆ ಮೊದಲು ಈ ಅರ್ಥಿಂಗನ್ನೇ ನೋಡಿ. ವೈರುಗಳನ್ನು ಹೊಸೆದು ಟೇಪ್ ಸುತ್ತುವುದು ಒಂದು ಮಳೆಗೂ ಬಾಳುವುದಿಲ್ಲ.

ಗಾಳಿ ತುಂಬಿದ ಮೇಲೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿ. ಹಳದಿ ಪೈಪನ್ನು ನೋಡುವಾಗ ಕ್ಲೀನರ್ ಬ್ರೇಕ್ ಒತ್ತಿಯೇ ಇರಬೇಕು. ಮೊದಲ ಟ್ರಿಪ್ ಮುಗಿಸಿ ಬಂದಾಗ ಪೈಪಿನ ಕೆಳಭಾಗಕ್ಕೆ ಗ್ರೀಸು ಹತ್ತಿದ್ದರೆ ಸ್ಪ್ರಿಂಗನ್ನು ಕಂಬದ ಮೇಲೆ ಇನ್ನಷ್ಟು ಏರಿಸಿ ಕಟ್ಟಿ.